ವಾದ್ಯ ಊರಲ್ಲಿಲ್ಲದಾಗ

ಸಂಸಾರವೆಂದ ಮೇಲೆ ರಿಪೇರಿ ತಪ್ಪಿದ್ದಲ್ಲ. ಮಿಕ್ಸಿ, ಗಡಿಯಾರ, ಸ್ಕೂಟರು, ಕೊಡೆ, ಕನ್ನಡಕ—ಇವುಗಳಲ್ಲಿ ಒಂದಲ್ಲ ಒಂದು ವಸ್ತು ಯಾವುದೋ ಅಂಗಡಿಯ ಮೂಲೆಯಲ್ಲಿ ನಮ್ಮ ಹೆಸರಿನ ಚೀಟಿಯನ್ನು ಕೊರಳಿಗೆ ಕಟ್ಟಿಕೊಂಡು ಕಾಯುತ್ತಲೇ ಇರುತ್ತದೆ. ಇವುಗಳ ಅಗಲಿಕೆಯನ್ನು ನಾವು ಹೇಗೋ ಸಹಿಸಿಕೊಳ್ಳುತ್ತೇವೆ. ಗಡಿಯಾರ ಅಂಗಡಿಗೆ ಹೋಯಿತೆಂದು ಕಾಲವೇನೂ ನಿಂತುಹೋಗುವುದಿಲ್ಲ. ಸ್ಕೂಟರು ಹೋಯಿತೆಂದು ಅದನ್ನು ಓಡಿಸುವ ವಿದ್ಯೆ ನಮ್ಮನ್ನು ಬಿಟ್ಟುಹೋಗುವುದಿಲ್ಲ. ಎರಡು ತಿಂಗಳ ಮೇಲೆ ಅದು ಮರಳಿ ಬಂದರೂ, ನಿನ್ನೆ ತಾನೇ ಇಳಿದವರಂತೆ ಏರಿ ಹೊರಟುಬಿಡುತ್ತೇವೆ. ಆದರೆ ಊದುವ ವಾದ್ಯವೊಂದು ರಿಪೇರಿಗೆ ಹೋದರೆ ಕಥೆಯೇ ಬೇರೆ. ಅಲ್ಲಿ ವಾದ್ಯವು ದಿನದಿನಕ್ಕೆ ಸರಿಹೋಗುತ್ತಿರುತ್ತದೆ. ಇಲ್ಲಿ ವಾದಕನು ದಿನದಿನಕ್ಕೆ ಕೆಡುತ್ತಿರುತ್ತಾನೆ. ಊದುವ ವಾದ್ಯದಲ್ಲಿ ಅರ್ಧ ಮರದ್ದಾದರೆ ಇನ್ನರ್ಧ ಊದುವವನ ದೇಹದ್ದು. ತುಟಿ, ಉಸಿರು, ಬೆರಳು—ಇವಿಲ್ಲದೆ ಅದು ಬರಿಯ ಕೊಳವೆ. ಮರದ ಅರ್ಧವನ್ನು ರಿಪೇರಿಯವನ ಕೈಗೆ ಒಪ್ಪಿಸಬಹುದು. ದೇಹದ ಅರ್ಧವನ್ನು ಯಾರ ಕೈಗೆ ಒಪ್ಪಿಸೋಣ?

ನನ್ನದು ಕ್ಲಾರಿನೆಟ್. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಿಗೂ ಕ್ಲಾರಿನೆಟ್ಟಿಗೂ ಏನು ನಂಟು ಎಂದು ಹುಬ್ಬೇರಿಸುವವರುಂಟು. ಆದರೆ ಮೈಸೂರಿನಲ್ಲಿ ಬೆಳೆದವನಿಗೆ ಇದು ಅಷ್ಟು ವಿಚಿತ್ರವಲ್ಲ. ಅರಮನೆಯ ಬ್ಯಾಂಡಿನ ಊರು ಇದು. ಕದ್ರಿ ಗೋಪಾಲನಾಥರು (1949–2019) ಹುಡುಗರಾಗಿದ್ದಾಗ ಸ್ಯಾಕ್ಸೊಫೋನಿಗೆ ಮರುಳಾದದ್ದು ಆ ಬ್ಯಾಂಡಿನ ವಾದನವನ್ನು ಕೇಳಿಯೇ. ನಮ್ಮ ಬೀದಿಯ ಕೊನೆಯ ಮನೆಯಲ್ಲಿಯೂ ಬ್ಯಾಂಡಿನಿಂದ ನಿವೃತ್ತರಾದ ಹಿರಿಯರೊಬ್ಬರಿದ್ದರು. ಸಂಜೆಯಾದರೆ ಅವರ ಜಗಲಿಯಿಂದ ಬೇಗಡೆಯೋ ಮೋಹನವೋ ತೇಲಿ ಬರುತ್ತಿತ್ತು. ಹನ್ನೆರಡು ವರ್ಷದ ಹುಡುಗನಾಗಿದ್ದ ನಾನು ಆ ಜಗಲಿಯನ್ನು ಹತ್ತಿದವನು ಇಂದಿಗೂ ಇಳಿದಿಲ್ಲ. ಬೀದಿಯವರೆಲ್ಲ ಅವರನ್ನು ಕರೆಯುವುದು ‘ಮೇಷ್ಟ್ರು’ ಎಂದೇ.

ಕ್ಲಾರಿನೆಟ್ ಹುಟ್ಟಿದ್ದು ಸುಮಾರು 1700ರ ವೇಳೆಗೆ, ಜರ್ಮನಿಯ ನ್ಯೂರೆಂಬರ್ಗಿನಲ್ಲಿ, ಯೋಹಾನ್ ಕ್ರಿಸ್ಟೋಫ್ ಡೆನ್ನರ್ ಎಂಬ ವಾದ್ಯಶಿಲ್ಪಿಯ ಕೈಯಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ನಮ್ಮ ದಕ್ಷಿಣದೇಶದ ನಾಟ್ಯಮೇಳಗಳನ್ನು ಸೇರಿ, ಪಿಟೀಲಿನಂತೆ ಇದೂ ನಮ್ಮದೇ ಎಂಬಷ್ಟು ಒಗ್ಗಿಹೋಯಿತು. ಇಂದು ಸಾಮಾನ್ಯವಾಗಿ ಬಳಕೆಯಲ್ಲಿರುವ ಮಾದರಿಗೆ 17 ಕೀಗಳು, 6 ಬಳೆಗಳು; 1839ರಿಂದ 1843ರ ನಡುವೆ ಪ್ಯಾರಿಸಿನಲ್ಲಿ ರೂಪುಗೊಂಡ ವ್ಯವಸ್ಥೆ ಅದು. ಒಳ್ಳೆಯ ಕ್ಲಾರಿನೆಟ್ಟಿನ ಮೈ ಆಫ್ರಿಕದ ಕರಿಮರದ್ದು. ಟಾಂಜಾನಿಯ, ಮೊಜಾಂಬಿಕ್ ಕಡೆ ಬೆಳೆಯುವ ಆ ಮರ ಸಸ್ಯಶಾಸ್ತ್ರದ ಲೆಕ್ಕದಲ್ಲಿ ನಮ್ಮ ಮಲೆನಾಡಿನ ಬೀಟೆಯ ದಾಯಾದಿ. ಎರಡೂ ಡಾಲ್ಬರ್ಜಿಯ ಎಂಬ ಒಂದೇ ಕುಲಕ್ಕೆ ಸೇರಿದವು. ನೀರಿನಲ್ಲಿ ಮುಳುಗುವಷ್ಟು ಭಾರ, ಕಬ್ಬಿಣದಂತಹ ಗಟ್ಟಿ. ಆದರೂ ಮರ ಮರವೇ. ಒಳಗೆ ಉಸಿರಿನ ತೇವ, ಹೊರಗೆ ಬೇಸಗೆಯ ಒಣ ಹವೆ. ಒಳಮೈ ಹಿಗ್ಗಬೇಕೆನ್ನುತ್ತದೆ, ಹೊರಮೈ ಕುಗ್ಗಬೇಕೆನ್ನುತ್ತದೆ. ಈ ದಾಯಾದಿ ಜಗಳದಲ್ಲಿ ಎಷ್ಟೇ ಜೋಪಾನದಿಂದಿಟ್ಟ ವಾದ್ಯವೂ ಒಂದು ದಿನ ಸೀಳಬಹುದು. ಈ ವರ್ಷ ಶಿವರಾತ್ರಿ ಕಳೆದ ವಾರದಲ್ಲಿ ನನ್ನ ಕ್ಲಾರಿನೆಟ್ಟಿನ ಮೇಲಿನ ತುಂಡಿನಲ್ಲಿ ಕೂದಲೆಳೆಯಂತಹ ಬಿರುಕೊಂದು ಕಾಣಿಸಿತು. ನಾಲ್ಕು ದಿನಗಳಲ್ಲಿ ಅದು ಸ್ವರರಂಧ್ರದವರೆಗೆ ಇಳಿಯಿತು.

ಬೆಂಗಳೂರಿನ ಹಳೆಯ ಪೇಟೆಯ ಗಲ್ಲಿಯೊಂದರಲ್ಲಿ ಇಂಥ ವಾದ್ಯಗಳಿಗೆ ಮದ್ದು ಮಾಡುವ ಕುಶಲಿಯೊಬ್ಬರಿದ್ದಾರೆ. ಅವರು ಬಿರುಕನ್ನು ಬೆಳಕಿಗೆ ಹಿಡಿದು, ವೈದ್ಯರು ಎಕ್ಸ್‌ರೇ ನೋಡುವಂತೆ ನೋಡಿ, “ಎರಡು ನಡುತುಂಡುಗಳನ್ನು ಬಿಟ್ಟುಹೋಗಿ ಸ್ವಾಮಿ. ಬಿರುಕಿಗೆ ಮೊಳೆ ಹಾಕಬೇಕು, ಪ್ಯಾಡುಗಳೆಲ್ಲ ಹೊಸದಾಗಿ ಕೂರಿಸಬೇಕು. ಆರು ವಾರ ಆಗುತ್ತೆ” ಎಂದರು. ಆರು ವಾರವೆಂದಾಗ ನನ್ನ ಎದೆ ಧಸಕ್ಕೆಂದಿತು. ಎಂಬತ್ತು ತುಂಬಿ ಎಂಬತ್ತೊಂದು ನಡೆಯುವಾಗ ಮನುಷ್ಯನು ಸಾವಿರ ಹುಣ್ಣಿಮೆಗಳನ್ನು ಕಂಡ ಲೆಕ್ಕವಾಗುತ್ತದೆ. ನಮ್ಮ ಮೇಷ್ಟ್ರಿಗೆ ಆ ಲೆಕ್ಕ ತುಂಬುತ್ತಿತ್ತು. ಶಿಷ್ಯರೆಲ್ಲ ಸೇರಿ ಸಹಸ್ರಚಂದ್ರದರ್ಶನದ ಶಾಂತಿಯನ್ನು ಏರ್ಪಡಿಸಿದ್ದೆವು. ಆ ದಿನ ಮಧ್ಯಾಹ್ನ ಅವರ ಮುಂದೆ ಅರ್ಧ ಗಂಟೆ ಊದಬೇಕಾದವನು ನಾನು. ದಿನ ಎಣಿಸಿ ನೋಡಿದರೆ, ಸರಿಯಾಗಿ ಏಳನೆಯ ವಾರದ ಭಾನುವಾರ.

ಹಿತೈಷಿಗಳ ಸಲಹೆಗೆ ನಮ್ಮ ಊರಿನಲ್ಲಿ ಎಂದೂ ಬರವಿಲ್ಲ. “ಅಷ್ಟು ದಿನ ಕೊಳಲು ಊದುತ್ತಿರಿ. ಎರಡೂ ಊದುವುದೇ ತಾನೆ?” ಎಂದರು ಪಕ್ಕದ ಮನೆಯ ರಾಯರು. ಎರಡೂ ಊದುವುದೇ; ಆದರೆ ಓಡುವುದೂ ಈಜುವುದೂ ಎರಡೂ ಕೈಕಾಲಿನ ಕೆಲಸವೇ ಎಂದಂತೆ. ಕೊಳಲಿನಲ್ಲಿ ತುಟಿ ತೆರೆದಿರಬೇಕು. ಉಸಿರು ರಂಧ್ರದ ಅಂಚಿಗೆ ಬಡಿದು ಎರಡಾಗಿ ಸೀಳಬೇಕು. ಕ್ಲಾರಿನೆಟ್ಟಿನಲ್ಲಿ ತುಟಿ ಮುಚ್ಚಿ ಬಿಗಿದಿರಬೇಕು. ಉಸಿರು ರೀಡನ್ನು ನಡುಗಿಸಬೇಕು. ಇನ್ನೊಂದು ಭೇದವೂ ಉಂಟು. ಕೊಳಲನ್ನು ಷಡ್ಜದ ಬೆರಳುಗಳಲ್ಲೇ ಬಲವಾಗಿ ಊದಿದರೆ ಮೇಲಿನ ಷಡ್ಜ ಬರುತ್ತದೆ. ಕ್ಲಾರಿನೆಟ್ಟು ಒಂದು ಕೊನೆ ಮುಚ್ಚಿದಂತಿರುವ ನೇರ ಕೊಳವೆಯಾದ್ದರಿಂದ, ಷಡ್ಜ ಹಿಡಿದು ಹೆಬ್ಬೆರಳಿನ ಕೀ ಒತ್ತಿದರೆ ತಾರಷಡ್ಜವನ್ನೂ ದಾಟಿ ಅದರ ಮೇಲಿನ ಪಂಚಮಕ್ಕೆ ನೆಗೆಯುತ್ತದೆ. ಹೀಗಾಗಿ ಎರಡರ ಬೆರಳಚಲನೆಗಳೂ ಒಂದಲ್ಲ. ಆರು ವಾರ ಕೊಳಲು ಹಿಡಿದರೆ ಕೊಳಲು ಬರುವುದೇನೋ ಸರಿ. ಕ್ಲಾರಿನೆಟ್ಟಿನ ತುಟಿ ಉಳಿಯುವುದಿಲ್ಲ. ಬೇರೆಯವರ ಕ್ಲಾರಿನೆಟ್ಟನ್ನು ಎರವಲು ಕೇಳೋಣವೆಂದರೆ, ನಿತ್ಯ ಊದುವವನು ತನ್ನ ವಾದ್ಯವನ್ನು ಕೊಡುವುದು ಕಷ್ಟ. ನಿತ್ಯ ಊದದವನ ವಾದ್ಯವನ್ನು ತರುವುದರಿಂದ ಪ್ರಯೋಜನವಿಲ್ಲ.

ಆಗ ನಾನು ಒಂದು ಕಾಗದದಲ್ಲಿ, ಊದುವವನಿಂದ ಯಾವುದು ಮೊದಲು ಕಳಚಿಕೊಳ್ಳುತ್ತದೆ, ಯಾವುದು ಆಮೇಲೆ ಎಂದು ಬರೆದೆ. ಮೊದಲು ತುಟಿ, ಆಮೇಲೆ ಉಸಿರು, ಆಮೇಲೆ ಬೆರಳು, ಕಟ್ಟಕಡೆಗೆ ಮನಸ್ಸು. ಕಾಪಾಡುವ ಕ್ರಮವೂ ಇದೇ ಆಗಬೇಕು ಎಂದುಕೊಂಡೆ.

ಮೊದಲು ತುಟಿಯ ಮಾತು. ಕೆಳದುಟಿಯನ್ನು ಕೆಳಹಲ್ಲಿನ ಮೇಲೆ ಮೆತ್ತೆಯಂತೆ ಮಡಿಸಿ, ಮೇಲಿನ ಹಲ್ಲುಗಳನ್ನು ಮೌತ್‌ಪೀಸಿನ ಬೆನ್ನಿಗೆ ಊರಿ, ಬಾಯಿಯ ಎರಡು ಕೊನೆಗಳನ್ನು ಬಿಗಿದು ಹಿಡಿಯಬೇಕು. ಹೀಗೆ ಅರ್ಧ ಗಂಟೆ ಹಿಡಿಯಬಲ್ಲ ಬಿಗಿ ವರ್ಷಗಟ್ಟಲೆ ಸಾಧನೆಯಿಂದ ಬರುತ್ತದೆ, ಎರಡು ವಾರದ ಆಲಸ್ಯದಿಂದ ಸಡಿಲುತ್ತದೆ. ಅದೃಷ್ಟಕ್ಕೆ ಮೌತ್‌ಪೀಸೂ ಅದರ ಕೆಳಗಿನ ಗಿಡ್ಡ ತುಂಡಾದ ಬ್ಯಾರಲೂ ನನ್ನ ಬಳಿಯೇ ಉಳಿದಿದ್ದುವು. ಇವೆರಡನ್ನು ಮಾತ್ರ ಜೋಡಿಸಿ ಊದಿದರೆ ಒಂದೇ ಒಂದು ಸ್ವರ ಹುಟ್ಟುತ್ತದೆ. ತುಟಿಯ ಬಿಗಿ ಸರಿಯಾಗಿದ್ದರೆ ಅದು ನಮ್ಮ ಅಮ್ಮನ ಹಾರ್ಮೋನಿಯಮ್ಮಿನ ಕರಿ ಮೂರಕ್ಕೆ ಕೂಡಿಕೊಳ್ಳಬೇಕು. ತುಟಿ ಸಡಿಲಿದರೆ ಸ್ವರ ಇಳಿಯುತ್ತದೆ, ಅತಿಯಾಗಿ ಕಚ್ಚಿದರೆ ಏರುತ್ತದೆ. ಇದಕ್ಕಿಂತ ನಿಷ್ಪಕ್ಷಪಾತಿಯಾದ ಪರೀಕ್ಷಕ ಯಾವ ವಿಶ್ವವಿದ್ಯಾನಿಲಯದಲ್ಲಿಯೂ ಸಿಕ್ಕಲಾರ.

ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹತ್ತು ಹತ್ತು ನಿಮಿಷ ಈ ಒಂಟಿಸ್ವರದ ಉಪಾಸನೆ ನಡೆಯಿತು. ಒಮ್ಮೆಗೇ ಅರ್ಧ ಗಂಟೆ ಊದುವುದಕ್ಕಿಂತ ಮೂರು ಹೊತ್ತು ಹಂಚಿ ಊದುವುದು ತುಟಿಗೆ ಹಿತ. ಆ ನಾದ ಮಾತ್ರ ಕೇಳಲು ಹಿತವೆನ್ನಲಾರೆ. ಬಾಲ ತುಳಿಸಿಕೊಂಡ ನಾಯಿಮರಿ ತನ್ನ ದೂರನ್ನು ಉಸಿರು ಕಟ್ಟಿ ಹೇಳುವಂತಿರುತ್ತದೆ. ಮೂರನೆಯ ದಿನ ನನ್ನ ಆರು ವರ್ಷದ ಮಗಳು ಹತ್ತಿರ ಬಂದು, “ಅಪ್ಪಾ, ಇದಕ್ಕೆ ಬೇರೆ ಹಾಡು ಬರಲ್ವಾ?” ಎಂದು ಕನಿಕರದಿಂದ ಕೇಳಿದಳು. ಮೌತ್‌ಪೀಸು ಹಿಡಿಯಲಾಗದ ಕಡೆಗಳಲ್ಲಿ ಪೆನ್ಸಿಲೇ ಗತಿ. ಹಲ್ಲು ಮುಟ್ಟಿಸದೆ ತುಟಿಗಳಿಂದಷ್ಟೇ ಪೆನ್ಸಿಲಿನ ತುದಿಯನ್ನು ಹಿಡಿದು ಅದು ಬಾಗದಂತೆ ನೆಟ್ಟಗೆ ಚಾಚಿರಬೇಕು. ಉತ್ತರಪತ್ರಿಕೆ ತಿದ್ದುವವನ ಬಾಯಲ್ಲಿ ಪೆನ್ಸಿಲಿದ್ದರೆ ಯಾರೂ ಅನುಮಾನಪಡುವುದಿಲ್ಲ. ಇದೊಂದು ಉದ್ಯೋಗದ ಅನುಕೂಲ.

ಇನ್ನು ಉಸಿರು. ಇಲ್ಲಿ ನನ್ನ ಕನ್ನಡ ಎಂ.ಎ. ಪದವಿಯು ಸಂಗೀತಕ್ಕೆ ಒದಗಿತೆಂದರೆ ನೀವು ನಗಬಹುದು. ಆ ವೇಳೆಗೆ ತರಗತಿಯಲ್ಲಿ ಷಟ್ಪದಿಗಳ ಪಾಠ ನಡೆಯುತ್ತಿತ್ತು. ಕುಮಾರವ್ಯಾಸನು ಬಳಸಿದ ಭಾಮಿನಿ ಷಟ್ಪದಿಯಲ್ಲಿ ಮೊದಲೆರಡು ಸಾಲುಗಳಿಗೆ ಹದಿನಾಲ್ಕು ಹದಿನಾಲ್ಕು ಮಾತ್ರೆ, ಮೂರನೆಯ ಸಾಲಿಗೆ ಇಪ್ಪತ್ತಮೂರು. ಅಲ್ಲಿಗೆ ಅರ್ಧ ಪದ್ಯಕ್ಕೆ 51 ಮಾತ್ರೆ. ಲಕ್ಷ್ಮೀಶನ ವಾರ್ಧಕದಲ್ಲಿ ಇಪ್ಪತ್ತು, ಇಪ್ಪತ್ತು, ಮೂವತ್ತೆರಡು. ಅರ್ಧ ಪದ್ಯಕ್ಕೆ 72 ಮಾತ್ರೆ. ಕಪ್ಪುಹಲಗೆಯ ಮೇಲೆ ಈ ಲೆಕ್ಕ ಬರೆಯುತ್ತಿದ್ದಾಗ ಹೊಳೆಯಿತು: ಇದಕ್ಕಿಂತ ಒಳ್ಳೆಯ ಉಸಿರಿನ ಅಳತೆಗೋಲು ಬೇಕೆ? ಸೆಕೆಂಡಿಗೆ ನಾಲ್ಕು ಮಾತ್ರೆಯ ನಡೆಯಲ್ಲಿ ಓದಿದರೆ ಭಾಮಿನಿಯ ಅರ್ಧಕ್ಕೆ ಸುಮಾರು ಹದಿಮೂರು ಸೆಕೆಂಡು, ವಾರ್ಧಕದ ಅರ್ಧಕ್ಕೆ ಹದಿನೆಂಟು. ಮೊದಲ ಎರಡು ವಾರ ಭಾಮಿನಿಯ ಅರ್ಧವನ್ನು ಒಂದೇ ಉಸಿರಿನಲ್ಲಿ, ಕೊನೆಯ ಅಕ್ಷರ ಸೊರಗದಂತೆ ಓದುವುದು. ಆಮೇಲೆ ವಾರ್ಧಕಕ್ಕೆ ಏರುವುದು—ಹೀಗೆಂದು ನಿಯಮ ಮಾಡಿಕೊಂಡೆ. ಮನೆಯಲ್ಲಿ ಅಷ್ಟೇ ಹೊತ್ತು ಹಲ್ಲಿನ ಸಂದಿಯಿಂದ ‘ಸ್’ ಎಂದು ಉಸಿರು ಬಿಡುತ್ತಿದ್ದೆ. ಏಕೆಂದರೆ ಓದುವಾಗ ಬಾಯಿ ತೆರೆದಿರುತ್ತದೆ, ಉಸಿರಿಗೆ ತಡೆಯಿಲ್ಲ. ರೀಡಿನ ಮುಂದೆ ಉಸಿರು ತಡೆಯನ್ನು ಒತ್ತಿಕೊಂಡು ಹೋಗಬೇಕು. ಹಲ್ಲಿನ ಸಂದಿ ಆ ತಡೆಯನ್ನು ಸ್ವಲ್ಪಮಟ್ಟಿಗೆ ಒದಗಿಸುತ್ತದೆ. ಉಸಿರನ್ನು ಎದೆಯ ಮೇಲ್ಭಾಗದಲ್ಲಿ ತುಂಬಿಕೊಂಡರೆ ಹೆಗಲು ಏರುತ್ತದೆ, ಬೇಗ ಖಾಲಿಯಾಗುತ್ತದೆ. ಪಕ್ಕೆಗಳು ಹಿಗ್ಗುವಂತೆ ಕೆಳಗೆ ತುಂಬಿಕೊಂಡರೆ ವಪೆಯ ಹಿಡಿತದಲ್ಲಿ ನಿಧಾನವಾಗಿ ವೆಚ್ಚ ಮಾಡಬಹುದು. ಸಂಬಳದ ವಿಷಯದಲ್ಲಿ ಸಾಧಿಸಲಾಗದ ಮಿತವ್ಯಯವನ್ನು ಉಸಿರಿನಲ್ಲಾದರೂ ಸಾಧಿಸಿದೆನೆಂಬ ತೃಪ್ತಿ ನನಗುಂಟು. ನಾಲ್ಕನೆಯ ವಾರ ಹಿಂದಿನ ಬೆಂಚಿನ ಹುಡುಗನೊಬ್ಬ, “ಸಾರ್, ಇವತ್ತು ಮಧ್ಯ ಉಸಿರೇ ತಗೊಳ್ಳಲಿಲ್ಲ ನೀವು” ಎಂದ. ಪದ್ಯದ ಅರ್ಥವನ್ನು ಅವನು ಗಮನಿಸಿದ್ದನೋ ಇಲ್ಲವೋ, ಯತಿಯನ್ನಂತೂ ಗಮನಿಸಿದ್ದ.

ಬೆರಳುಗಳ ಪಾಡು ಇನ್ನೊಂದು ಬಗೆಯದು. ಕ್ಲಾರಿನೆಟ್ಟಿನಲ್ಲಿ ಬಲಗೈ ಹೆಬ್ಬೆರಳು ವಾದ್ಯದ ಭಾರವನ್ನು ಹೊರುತ್ತದೆ. ಉಳಿದ ಒಂಬತ್ತು ಬೆರಳುಗಳಿಗೂ ದುಡಿಮೆ. ಒಂದೊಂದು ಕಿರುಬೆರಳಿನ ಪಾಲಿಗೆ ಮೂರು ನಾಲ್ಕು ಕೀಗಳು. ಮೇಜಿನ ಅಂಚಿನ ಮೇಲೆ ಬೆರಳಾಡಿಸಿ ನೋಡಿದೆ. ಮೇಜು ಚಪ್ಪಟೆ, ಕೈ ಬಾಗುವುದಿಲ್ಲ. ಹಿಡಿಯಲು ದುಂಡಗೆ, ಉದ್ದಕ್ಕೆ, ಸ್ವಲ್ಪ ತೂಕವಾಗಿ ಇರುವ ವಸ್ತು ಮನೆಯಲ್ಲಿ ಯಾವುದಿದೆಯೆಂದು ಹುಡುಕಿದಾಗ ಅಡುಗೆಮನೆಯಲ್ಲಿ ಲಟ್ಟಣಿಗೆ ಕಣ್ಣಿಗೆ ಬಿತ್ತು. ಎದುರಿಗೆ ತಾಳಕ್ಕೆ ಗಡಿಯಾರವನ್ನಿಟ್ಟುಕೊಂಡು, ಲಟ್ಟಣಿಗೆಯ ಮೇಲೆ ಸರಳೆ, ಜಂಟಿ, ಅಲಂಕಾರಗಳಿಂದ ಹಿಡಿದು ಮೋಹನದ ವರ್ಣದವರೆಗೆ ನಿಃಶಬ್ದವಾದ ಕಛೇರಿ ದಿನಾ ರಾತ್ರಿ ನಡೆಯತೊಡಗಿತು. ಒಂದು ರಾತ್ರಿ ಅಡುಗೆಮನೆಯಿಂದ ಕೂಗು ಬಂತು:

“ಏನೂಂದ್ರೆ, ಆ ಲಟ್ಟಣಿಗೆ ಕೊಡ್ತೀರಾ? ಹೆಂಚು ಕಾದಿದೆ.”

“ಒಂದು ನಿಮಿಷ ತಾಳು, ಚರಣದಲ್ಲಿದ್ದೇನೆ.”

“ನೀವು ಚರಣದಲ್ಲೇ ಇರಿ, ಮಗು ಚಪಾತಿಗೆ ಕೂತಿದೆ.”

ಮರುದಿನ ಸಂಜೆ ನನ್ನ ಮೇಜಿನ ಮೇಲೆ ಹೊಸದೊಂದು ಲಟ್ಟಣಿಗೆ ಇತ್ತು. ದೇವರಾಜ ಮಾರುಕಟ್ಟೆಯಿಂದ ಬರುವಾಗ ತಂದಿದ್ದಳು. “ಇದು ಬೀಟೆಯದಂತೆ. ನಿಮ್ಮ ವಾದ್ಯದ ಕಡೆಯವರೇ ಅಲ್ವಾ?” ಎಂದಳು. ಗೃಹಿಣಿಯ ಈ ಪ್ರೋತ್ಸಾಹವನ್ನು ಪಡೆದ ಕಲಾವಿದರು ನಮ್ಮಲ್ಲಿ ಹೆಚ್ಚಿಲ್ಲ.

ಮೂರೂ ಅಂಗಗಳ ಚಾಕರಿ ಹೀಗೆ ನಡೆದಿರಲು, ಯಾವುದನ್ನು ಕಟ್ಟಕಡೆಗೆ ಬರೆದಿದ್ದೆನೋ ಆ ಮನಸ್ಸಿನಿಂದಲೇ ನನಗೆ ಹೆಚ್ಚಿನ ಲಾಭವಾಯಿತು. ಆಲ್ವಾರೊ ಪಾಸ್ಕ್ವಲ್-ಲಿಯೋನ್ ಎಂಬ ನರವಿಜ್ಞಾನಿಯೂ ಅವರ ಸಂಗಡಿಗರೂ 1995ರಲ್ಲಿ ಪ್ರಕಟಿಸಿದ ಪ್ರಯೋಗವೊಂದುಂಟು. ಕೆಲವರಿಗೆ ಪಿಯಾನೊದ ಐದು ಬೆರಳಿನ ಪಾಠವೊಂದನ್ನು ಕೊಟ್ಟು, ದಿನಕ್ಕೆ ಎರಡು ಗಂಟೆಯಂತೆ ಐದು ದಿನ ಅಭ್ಯಾಸ ಮಾಡಿಸಿದರು. ಇನ್ನು ಕೆಲವರು ಅಷ್ಟೇ ಹೊತ್ತು ಪಿಯಾನೊದ ಮುಂದೆ ಕುಳಿತು, ಬೆರಳಾಡಿಸದೆ, ನುಡಿಸುತ್ತಿರುವಂತೆ ಮನಸ್ಸಿನಲ್ಲಿಯೇ ಕಲ್ಪಿಸಿಕೊಂಡರು. ಬೆರಳುಗಳನ್ನು ಆಳುವ ಮಿದುಳಿನ ಭಾಗದಲ್ಲಿ ಆದ ಬದಲಾವಣೆ ಎರಡು ಗುಂಪಿನವರಲ್ಲಿಯೂ ಒಂದೇ ಬಗೆಯದಾಗಿತ್ತಂತೆ. ನುಡಿಸುವ ಚಾತುರ್ಯದಲ್ಲಿ ಕಲ್ಪನೆಯವರು ಹಿಂದುಳಿದರು, ನಿಜ. ಆದರೆ ಕೊನೆಯಲ್ಲಿ ಎರಡೇ ಗಂಟೆ ಕೈಯಿಂದ ಅಭ್ಯಾಸ ಮಾಡಿದ ಮೇಲೆ ಉಳಿದವರಿಗೆ ಸಮನಾದರು. ‘ಹಾಡ್ತಾ ಹಾಡ್ತಾ ರಾಗ’ ಎಂಬ ನಮ್ಮ ಗಾದೆಗೆ ‘ನೆನೀತಾ ನೆನೀತಾ ರಾಗ’ ಎಂದೂ ಒಂದು ಪಾಠಾಂತರ ಹೇಳಬಹುದೆಂದು ನನಗೆ ತೋರಿತು.

ನಮ್ಮ ಸಂಗೀತದಲ್ಲಿ ಈ ನೆನೆಯುವ ಕೆಲಸಕ್ಕೆ ಸಿದ್ಧವಾದ ದಾರಿಯೊಂದಿದೆ, ಅದು ಹಾಡುವುದು. ವಾದ್ಯ ಕೈಯಲ್ಲಿದ್ದಾಗ ಬೇಗಡೆಯ ಮಧ್ಯಮವನ್ನು ನಾನು ಬೆರಳಿನಿಂದ ಯೋಚಿಸುತ್ತಿದ್ದೆ—ರಂಧ್ರವನ್ನು ಎಷ್ಟು ತೆರೆಯಬೇಕು, ತುಟಿಯನ್ನು ಎಲ್ಲಿ ಸಡಿಲಿಸಬೇಕು ಎಂದು. ವಾದ್ಯವಿಲ್ಲದೆ ಅದನ್ನು ಹಾಡತೊಡಗಿದಾಗ, ಅದು ಒಂದೆಡೆ ನಿಲ್ಲುವ ಸ್ವರವೇ ಅಲ್ಲ, ಗಾಂಧಾರದ ಕಡೆಗೂ ಪಂಚಮದ ಕಡೆಗೂ ಮುಖ ಮಾಡಿ ತೂಗುವ ಸ್ವರ ಎಂಬುದು ಗಂಟಲಿಗೆ ತಿಳಿಯಿತು. ಎಲ್ಲಿ ಉಸಿರು ತೆಗೆದುಕೊಂಡರೆ ಸಾಹಿತ್ಯದ ಪದ ಮುರಿಯುವುದಿಲ್ಲವೆಂಬುದೂ ತಿಳಿಯಿತು. ‘ಕುಣಿಯಲಾರದವಳು ನೆಲ ಡೊಂಕು ಎಂದಳಂತೆ’. ಡೊಂಕೆನ್ನಲು ನೆಲವೇ ಇಲ್ಲದಿದ್ದಾಗ ಕುಣಿತದ ಮರ್ಮ ಒಂದಿಷ್ಟು ಬೆಳಕಿಗೆ ಬರುತ್ತದೆ.

ಐದನೆಯ ವಾರದ ಕೊನೆಯಲ್ಲಿ ಮೇಷ್ಟ್ರನ್ನು ನೋಡಲು ಹೋದೆ. ಇಲ್ಲಿ ಒಂದು ಸಂಗತಿ ಹೇಳಬೇಕು. ಆರು ವರ್ಷಗಳ ಹಿಂದೆ ಅವರ ಮೇಲಿನ ಮುಂಬಲ್ಲುಗಳು ಬಿದ್ದವು. ಕಟ್ಟಿಸಿದ ಹಲ್ಲಿಗೆ ಮೌತ್‌ಪೀಸಿನ ಒತ್ತಡವನ್ನು ತಡೆಯುವ ಶಕ್ತಿಯಿಲ್ಲ, ಊದಿದರೆ ಜಾರುತ್ತದೆ. ಅರವತ್ತು ವರ್ಷ ಊದಿದವರು ಅಲ್ಲಿಗೆ ನಿಲ್ಲಿಸಿದರು. ಆ ವಿಷಯವನ್ನು ಅವರೂ ಆಡುವುದಿಲ್ಲ, ನಾವೂ ಕೇಳುವುದಿಲ್ಲ. ಅವರು ಜಗಲಿಯ ಮೇಲೆ ಊರುಗೋಲನ್ನು ಮಡಿಲಲ್ಲಿಟ್ಟುಕೊಂಡು ಬೀದಿ ನೋಡುತ್ತ ಕುಳಿತಿರುವುದನ್ನು ಆರು ವರ್ಷದಿಂದ ಕಂಡಿದ್ದೇನೆ. ಆ ದಿನವೂ ಹಾಗೆಯೇ ಕುಳಿತಿದ್ದರು. ಆದರೆ ಐದು ವಾರ ಲಟ್ಟಣಿಗೆಯ ಮೇಲೆ ಬೆರಳಾಡಿಸಿದ್ದ ನನ್ನ ಕಣ್ಣಿಗೆ, ಅದುವರೆಗೆ ಕಾಣದಿದ್ದುದು ಕಂಡಿತು. ಊರುಗೋಲಿನ ಮೇಲೆ ಅವರ ಬೆರಳುಗಳು ಸುಮ್ಮನೆ ಅಲುಗುತ್ತಿರಲಿಲ್ಲ. ಎಡಗೈ ಮೇಲೆ, ಬಲಗೈ ಕೆಳಗೆ; ಹೆಬ್ಬೆರಳು ಹಿಂದೆ. ನಾನು ಒಂದು ಆವರ್ತ ನೋಡಿ ಗುರುತು ಹಿಡಿದೆ, ಅದು ಬೇಗಡೆ.

“ಮೇಷ್ಟ್ರೇ, ದಿನಾ ಹೀಗೆ ಅಭ್ಯಾಸ ಮಾಡ್ತೀರಾ?” ಎಂದು ಕೇಳಿದೆ.

ಅವರು ಕೋಲಿನ ಕಡೆ ನೋಡಿ, ಕಳ್ಳತನ ಸಿಕ್ಕಿಬಿದ್ದ ಮಗುವಿನಂತೆ ನಕ್ಕರು. “ಹಲ್ಲು ಬಿದ್ದಿದೆ ಅಂತ ಬೆರಳಿಗೆ ಇನ್ನೂ ಹೇಳಿಲ್ಲ ಕಣಯ್ಯ” ಎಂದರು. ಆಮೇಲೆ ಎಂದಿನ ಗಡಸು ದನಿಯಲ್ಲಿ, “ಹಾರ್ಮೋನಿಯಮ್ಮಿಗೆ ಸೇರಿಸಿ ಊದ್ತಾ ಇದೀಯಾ? ಸ್ವರ ಇಳೀತಾ ಇಲ್ಲ ತಾನೆ?” ಎಂದು ವಿಚಾರಿಸಿದರು.

ಹಿಂದಿರುಗುವಾಗ ನನ್ನ ಆರು ವಾರಗಳ ಗೋಳು ನನಗೇ ಚಿಕ್ಕದಾಗಿ ಕಂಡಿತು. ನನ್ನ ವಾದ್ಯಕ್ಕೆ ಬರುವ ದಿನವೆಂಬುದಿತ್ತು; ಆ ದಿನಕ್ಕಾಗಿ ನಾನು ಸಿದ್ಧನಾಗುತ್ತಿದ್ದೆ. ಅವರಿಗೆ ಅಂಥ ದಿನವಿಲ್ಲ. ಯಾವ ಗಲ್ಲಿಯ ಯಾವ ಕುಶಲಿಯೂ ಸರಿಪಡಿಸಲಾರದ ತುಂಡು ಅವರದು. ಆದರೂ ಅವರು ಸಿದ್ಧರಾಗಿಯೇ ಇದ್ದರು. ಅಭ್ಯಾಸವೆನ್ನುವುದು ಕಛೇರಿಗಾಗಿ ಮಾಡುವ ಸಿದ್ಧತೆಯೆಂದು ನಾವು ತಿಳಿದಿರುತ್ತೇವೆ. ಅವರ ಪಾಲಿಗೆ ಅದು ಊಟದ ಮುಂಚೆ ಕೈ ತೊಳೆದಂತೆ, ಸಂಜೆ ದೀಪ ಹಚ್ಚಿದಂತೆ ದಿನದ ಒಂದು ಕೆಲಸವಾಗಿತ್ತು.

ಆರು ವಾರವೆಂದದ್ದು ಏಳನೆಯ ವಾರದ ಮಂಗಳವಾರಕ್ಕೆ ಕೈಸೇರಿತು. ಕೆಲಸ ಮಾತ್ರ ಕಣ್ಣಿಗೊತ್ತಿಕೊಳ್ಳುವಂತಿತ್ತು. ಬಿರುಕಿಗೆ ಅಡ್ಡಲಾಗಿ ಸೂಜಿಯಂತಹ ಲೋಹದ ಮೊಳೆಗಳನ್ನಿಳಿಸಿ, ಅದೇ ಜಾತಿಯ ಮರದ ಹುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿ ಉಜ್ಜಿದ್ದರು. ಬೆರಳಿಗೆ ಬಿರುಕು ತಗಲುತ್ತಿರಲಿಲ್ಲ. ಹಳೆಯ ಪ್ಯಾಡುಗಳನ್ನೆಲ್ಲ ತೆಗೆದು, ಅರಗನ್ನು ದೀಪದ ಉರಿಯಲ್ಲಿ ಕರಗಿಸಿ, ಹೊಸವನ್ನು ಕೂರಿಸಿದ್ದರು. ಪಾಂಡವರ ಮನೆಯನ್ನು ಉರಿಸಿದ ಅದೇ ಅರಗು ಇಲ್ಲಿ ಉಸಿರು ಸೋರದಂತೆ ಕಾಯುತ್ತದೆ! ಅವರು ತುಂಡಿನ ಒಂದು ಕೊನೆಯನ್ನು ಅಂಗೈಯಿಂದ ಮುಚ್ಚಿ, ರಂಧ್ರಗಳ ಮೇಲೆ ಬೆರಳಿಟ್ಟು, ಇನ್ನೊಂದು ಕೊನೆಯಿಂದ ಗಾಳಿಯನ್ನು ಹೀರಿ ಬಾಯಿ ತೆಗೆದಾಗ ‘ಪಟ್’ ಎಂದು ಸದ್ದಾಯಿತು. “ಸೋರೋದಿಲ್ಲ” ಎಂದರು.

ಭಾನುವಾರಕ್ಕೆ ಐದೇ ದಿನ. ಹಸಿದವನು ಎಲೆಯ ಮೇಲೆ ಬೀಳುವಂತೆ ಮೊದಲ ದಿನವೇ ಎರಡು ಗಂಟೆ ಊದಬೇಕೆಂಬ ಆಸೆಯಾಗುವುದು ಸಹಜ. ಹಾಗೆ ಮಾಡಬಾರದು. ಬಹುದಿನ ಒಣಗಿದ ಮರಕ್ಕೂ, ಬಹುದಿನ ಪೂರ್ತಿ ಭಾರ ಹೊರದ ತುಟಿಗೂ ನಿಧಾನವೇ ಮದ್ದು. ಮೊದಲ ದಿನ ಹತ್ತು ನಿಮಿಷ, ಎರಡನೆಯ ದಿನ ಇಪ್ಪತ್ತು. ಅದೂ ಕೆಳಸ್ಥಾಯಿಯ ದೀರ್ಘ ಸ್ವರಗಳಷ್ಟೇ. ರಿಪೇರಿಯಾದ ವಾದ್ಯ ಹಳೆಯದಾದರೂ ಬೆರಳಿಗೆ ಹೊಸದು. ಸ್ಪ್ರಿಂಗುಗಳು ಬಿಗಿಯಾಗಿರುತ್ತವೆ, ಪ್ಯಾಡುಗಳು ಒಂದು ನೂಲು ಎತ್ತರ ತಗ್ಗಾಗಿರುತ್ತವೆ. ತವರಿಗೆ ಹೋಗಿ ಬಂದವರನ್ನು ಮಾತನಾಡಿಸುವಂತೆ ಅದನ್ನು ಮೆಲ್ಲನೆ ಮಾತಿಗೆಳೆಯಬೇಕು. ಹೀಗೆ ಊದುವಾಗ ಗೊತ್ತಾಯಿತು: ಉಸಿರು ಹಿಂದಿಗಿಂತ ಚೆನ್ನಾಗಿತ್ತು; ಬೆರಳುಗಳಿಗೆ ಎರಡೇ ದಿನದಲ್ಲಿ ದಾರಿ ಸಿಕ್ಕಿತು; ಬೇಗಡೆಯ ಮಧ್ಯಮ ನಾನು ಹಿಂದೆಂದೂ ಊದದಷ್ಟು ಒಪ್ಪವಾಗಿ ಬಂತು. ತುಟಿ ಮಾತ್ರ ಇಪ್ಪತ್ತು ನಿಮಿಷದ ಮೇಲೆ ಸೋಲುತ್ತಿತ್ತು. ಒಂಟಿಸ್ವರವು ತುಟಿಯನ್ನು ಕೆಡದಂತೆ ಕಾದಿತ್ತು. ಅರ್ಧ ಗಂಟೆಯ ದಮ್ಮನ್ನು ಉಳಿಸಿರಲಿಲ್ಲ. ಸಾಧನೆಯಲ್ಲಿ ಇಂಥ ಲೆಕ್ಕವನ್ನು ಇದ್ದಂತೆ ಹೇಳಿಬಿಡುವುದು ಒಳ್ಳೆಯದು. ಆದ್ದರಿಂದ ವರ್ಣವನ್ನು ಬಿಟ್ಟು, ಬೇಗಡೆಯ ಆಲಾಪನೆ ಮತ್ತು ಒಂದು ಕೃತಿಯೆಂದು ಇಪ್ಪತ್ತು ನಿಮಿಷಕ್ಕೆ ಕಾರ್ಯಕ್ರಮವನ್ನು ಕಟ್ಟಿದೆ.

ಭಾನುವಾರ ಮೇಷ್ಟ್ರು ಹೊಸ ಪಂಚೆಯುಟ್ಟು, ಹೂವಿನ ಹಾರ ಹಾಕಿಕೊಂಡು, ಕುರ್ಚಿಯ ಮೇಲೆ ಕೋಲನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ನಾನು ಊದಿದೆ. ಬಂದಿದ್ದವರೆಲ್ಲ ನನ್ನನ್ನು ನೋಡುತ್ತಿದ್ದರು. ನಾನು ಕೋಲನ್ನು ನೋಡುತ್ತಿದ್ದೆ. ಆ 17 ಕೀಗಳಿಲ್ಲದ, ರಂಧ್ರವಿಲ್ಲದ ಮರದ ಮೇಲೆ ಎಂಬತ್ತು ವರ್ಷದ ಬೆರಳುಗಳು ನನ್ನೊಡನೆ ಬೇಗಡೆಯನ್ನು ನುಡಿಸುತ್ತಿದ್ದುವು. ಅನುಪಲ್ಲವಿಯ ಹತ್ತಿರವಂತೂ ನನಗಿಂತ ಒಂದು ಅಕ್ಷರಕಾಲ ಮುಂದೆಯೇ ಹೋಗಿ ನನಗಾಗಿ ಕಾದು ನಿಂತುವು. ಮುಗಿದ ಮೇಲೆ ಅವರು ಹೇಳಿದ್ದು ಇಷ್ಟೇ: “ತುಟಿ ಇನ್ನೂ ಹದಕ್ಕೆ ಬರಬೇಕು. ಮಧ್ಯಮ ಸರಿಯಾಯ್ತು.”

ಓದುಗರಲ್ಲಿ ಊದುವ ವಾದ್ಯವುಳ್ಳವರು ಹೆಚ್ಚಿರಲಾರರು. ಆದರೂ, ಪಿಟೀಲು ನುಡಿಸಿಯೋ, ರಂಗೋಲಿ ಬಿಡಿಸಿಯೋ, ಚಿತ್ರ ಬರೆದೋ, ಪದ್ಯ ಓದಿಯೋ ಒಂದಿಷ್ಟು ಸುಖ ಕಂಡವರು ಪ್ರತಿ ಮನೆಯಲ್ಲಿಯೂ ಇದ್ದಾರೆ. ಅವರ ಸಾಧನ ಒಮ್ಮೊಮ್ಮೆ ಕೈತಪ್ಪುತ್ತದೆ. ವರ್ಗವಾಗಿ ಊರು ಬದಲಾಯಿಸಿದಾಗ, ಬಾಣಂತನದಲ್ಲಿ, ಕೈ ಮುರಿದಾಗ, ಮನೆಯಲ್ಲಿ ಕಾಯಿಲೆ ಬಿದ್ದಾಗ, ‘ಎಲ್ಲ ಸರಿಹೋದ ಮೇಲೆ ಮತ್ತೆ ಹಿಡಿಯೋಣ’ ಎಂದು ಬದಿಗಿಡುತ್ತೇವೆ. ಹಾಗೆ ಬದಿಗಿಟ್ಟದ್ದು ಎಷ್ಟೋ ಮನೆಗಳ ಅಟ್ಟದ ಮೇಲೆ ಇಂದಿಗೂ ಇದೆ. ಸಾಧನ ಕೆಟ್ಟಿದ್ದರಿಂದಲ್ಲ, ಹಿಡಿಯುವ ಕೈ ಮರೆತದ್ದರಿಂದ. ದಿನಕ್ಕೆ ಹತ್ತು ನಿಮಿಷ, ಕೈಗೆ ಸಿಕ್ಕಿದ ಕೋಲಿನ ಮೇಲಾದರೂ ಆಗಲಿ, ಆ ಕೈಗೆ ಅದರ ಕೆಲಸವನ್ನು ಜ್ಞಾಪಿಸುತ್ತಿದ್ದರೆ ಸಾಕು. ಕ್ಲಾರಿನೆಟ್ಟು ಈಗ ಮನೆಯಲ್ಲಿಯೇ ಇದೆ, ಬಿರುಕು ಮತ್ತೆ ಬಾಯಿ ಬಿಟ್ಟಿಲ್ಲ. ಬೀಟೆಯ ಲಟ್ಟಣಿಗೆಯನ್ನು ಮಾತ್ರ ನಾನು ಅಡುಗೆಮನೆಗೆ ಹಿಂದಿರುಗಿಸಿಲ್ಲ. ಅದಿರುವುದು ನನ್ನ ಮೇಜಿನ ಮೇಲೆ, ಉತ್ತರಪತ್ರಿಕೆಗಳ ಪಕ್ಕದಲ್ಲಿ. ರಾತ್ರಿ ಮಗು ಮಲಗಿದ ಮೇಲೆ ಯಾರ ನಿದ್ದೆಯೂ ಕೆಡದಂತೆ ಮೋಹನದ ವರ್ಣವನ್ನು ನುಡಿಸಲು ಅದಕ್ಕಿಂತ ಒಳ್ಳೆಯ ವಾದ್ಯ ನನಗೆ ಇನ್ನೂ ಸಿಕ್ಕಿಲ್ಲ.